ಸೀಸೆ ತೊಳೆಯುವ ಲಾಸನ್ನರು

ಕಾರಿಬೊ ಲಾಸನ್ನರ ಮುಂದೆ ಕುಡಿಯಲು ಏನನ್ನೇ ಇಡಿ, ಚಹಾ ಆಗಲಿ, ತಾಳೆಯ ಹೆಂಡವಾಗಲಿ, ಮದುವೆಮನೆಯ ಜಿನ್ ಆಗಲಿ, ಕಡೆಗೆ ಕೆಮ್ಮಿನ ಔಷಧಿಯೇ ಆಗಲಿ, ಅವರು ಅದನ್ನು ಕೈಗೆತ್ತಿಕೊಂಡ ಕೂಡಲೇ ಬಾಯಿಗಿಟ್ಟದ್ದನ್ನು ಕಂಡವರು ಪೋರ್ಟ್ ಹಾರ್ಕೋರ್ಟಿನಲ್ಲಿ ಒಬ್ಬರೂ ಇಲ್ಲ. ಮೊದಲು ಲೋಟಕ್ಕೆ ಒಂದು ಗುಟುಕಿನಷ್ಟನ್ನು ಸುರಿದುಕೊಂಡು, ಅದರ ಒಳಮೈಯೆಲ್ಲ ನೆನೆಯುವಂತೆ ಮಣಿಕಟ್ಟನ್ನು ನಿಧಾನವಾಗಿ ತಿರುವಿ, ಆ ಗುಟುಕನ್ನು ಬಾಗಿಲಾಚೆ ಚೆಲ್ಲುವುದು. ಹೀಗೆ ಮೂರು ಬಾರಿ. ಆಮೇಲೆಯೇ ತುಂಬಿಸಿಕೊಳ್ಳುವುದು, ಅದೂ ಕಂಠಮಟ್ಟ ಅಲ್ಲ, ಮೇಲೆ ಒಂದಿಷ್ಟು ಜಾಗ ಬರಿದಾಗಿ ಉಳಿಯುವಂತೆ. ಹೊಸ ಬೀಗರ ಮನೆಯಲ್ಲೂ ಇದೇ, ಬಿಷಪ್ಪರ ಎದುರಿಗೂ ಇದೇ. "ಏನ್ರೀ ಇದು, ನಮ್ಮ ಲೋಟ ಕೊಳೆಯಾಗಿದೆಯಾ?" ಎಂದು ಮುಖ ಗಂಟಿಕ್ಕಿಕೊಂಡ ಗೃಹಿಣಿಯರಿಗೆ ಅವರು ಕೊಡುತ್ತಿದ್ದ ಉತ್ತರವೂ ಒಂದೇ. "ಲೋಟ ಚೊಕ್ಕವಾಗೇ ಇದೆ, ತಾಯಿ. ಅದಕ್ಕಿನ್ನೂ ಚಹಾದ ಪರಿಚಯ ಆಗಿಲ್ಲ, ಅಷ್ಟೆ."

ಇದು ಶೋಕಿಯಲ್ಲ, ವೃತ್ತಿ ಮೈಗೆ ಅಂಟಿಕೊಂಡ ಪರಿ. ತಲೆಗೂದಲು ಪೂರ್ತಿ ಕಪ್ಪಗಿದ್ದ ಕಾಲದಿಂದಲೂ ಲಾಸನ್ನರ ಕಸುಬು ಒಂದೇ: ಈ ಡೆಲ್ಟಾದ ಜೌಗಿನಲ್ಲಿ ಹರಡಿಕೊಂಡ ತೈಲಬಾವಿಗಳಿಗೆ ದೋಣಿ ಕಟ್ಟಿಕೊಂಡು ಹೋಗಿ, ಕಚ್ಚಾ ತೈಲದ ಮಾದರಿಗಳನ್ನು ಸೀಸೆಗಳಲ್ಲಿ ಹಿಡಿದು ತಂದು, ಲ್ಯಾಬಿನಲ್ಲಿ ಅವುಗಳ ಗುಣಾವಗುಣಗಳನ್ನು ಅಳೆದು ಹೇಳುವುದು. ಬಾವಿಯ ನಲ್ಲಿ ತಿರುಗಿಸಿದ ಕೂಡಲೇ ಬರುವುದು ಕೊಳವೆಯಲ್ಲಿ ತಂಗಳಾಗಿ ನಿಂತ ಎಣ್ಣೆ. ಅದನ್ನು ಹರಿಯಬಿಟ್ಟು, ತಾಜಾ ಎಣ್ಣೆ ಬಂದ ಮೇಲೆ ಅದರಿಂದಲೇ ಸೀಸೆಯನ್ನು ಮೂರಾವರ್ತಿ ತೊಳೆದು, ಬಿಸಿಲಿಗೆ ಉಬ್ಬಿ ಮುಚ್ಚಳ ಹಾರದಂತೆ ಜಾಗ ಬಿಟ್ಟು ತುಂಬಿ, ಮೊಹರು ಹಾಕಬೇಕು. ನಾನು ಅದೇ ಲ್ಯಾಬಿನ ಇನ್ನೊಂದು ಮೂಲೆಯಲ್ಲಿ ನೀರಿನ ಪರೀಕ್ಷೆ ಮಾಡಿಕೊಂಡು ಅನ್ನ ತಿಂದವನು. ನೀರಿನವರಿಗೂ ಎಣ್ಣೆಯವರಿಗೂ ಹೊಂದಿಕೆಯಾಗುವುದಿಲ್ಲ ಎಂದು ಲ್ಯಾಬಿನಲ್ಲಿ ಎಲ್ಲರೂ ಚೇಷ್ಟೆ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ, ನಮ್ಮಿಬ್ಬರಿಗೆ ಹೊಂದಿಕೆಯಾದಷ್ಟು ಗಂಡ ಹೆಂಡಿರಿಗೂ ಆಗಲಿಕ್ಕಿಲ್ಲ.

ಲಾಸನ್ನರು ಕಲಬಾರಿ ಕುಲದವರು. ಇಂಗ್ಲಿಷರ ಹೆಸರನ್ನು ಮನೆತನದ ಹೆಸರಾಗಿ ಹೊತ್ತು, ಇಂಗ್ಲಿಷರು ಎಂದೋ ಬಿಟ್ಟು ಹೋದ ದುಂಡು ಟೋಪಿಯನ್ನು ಇಂಗ್ಲಿಷರಿಗಿಂತ ಚೆನ್ನಾಗಿ ತೊಟ್ಟುಕೊಳ್ಳುವ ಜನ ಅವರು. ಮೊಣಕಾಲು ಮುಟ್ಟುವ ಬಿಳಿಯ ಅಂಗಿ, ಅದಕ್ಕೆ ಚಿನ್ನದ ಗುಂಡಿ, ಕೈಯಲ್ಲಿ ಬೆತ್ತ, ತಲೆಯ ಮೇಲೆ ಆ ಟೋಪಿ. ಈ ರಾಜವೇಷದ ಮೇಲೆ ನಮ್ಮ ಲ್ಯಾಬಿನ ಬಿಳಿ ಕೋಟು. ಕೋಟಿನ ಬಲಜೇಬು ಮಾತ್ರ ಎಷ್ಟು ಒಗೆದರೂ ಹೋಗದ ಕಂದು ಬಣ್ಣಕ್ಕೆ ತಿರುಗಿತ್ತು. ಹೊಸ ಕೋಟು ಕೊಡಿಸುತ್ತೇವೆಂದರೆ, "ಇದು ಇನ್ನೂ ಗಟ್ಟಿಯಾಗಿದೆ, ಕೊಳೆ ಹೊರಗಡೆ ಇರೋದು," ಎಂದು ತಳ್ಳಿಹಾಕುತ್ತಿದ್ದರು. ಅವರ ನಡಿಗೆಯಲ್ಲಿ ಒಂದು ವಿಶೇಷವಿತ್ತು. ಎಡಗೈ ಎಲ್ಲರಂತೆ ಹಿಂದೆ ಮುಂದೆ ಬೀಸುತ್ತಿತ್ತು. ಬಲಗೈ ಮಾತ್ರ ಮೈಗೆ ಅಂಟಿಕೊಂಡು ಅಲುಗದೆ ಇರುತ್ತಿತ್ತು. ವರ್ಷಾನುಗಟ್ಟಲೆ ಸೀಸೆಗಳ ಪೆಟ್ಟಿಗೆಯನ್ನು ಕುಲುಕದಂತೆ ಹೊತ್ತ ಆ ಕೈ, ಬರಿದಾಗಿದ್ದಾಗಲೂ ಬೀಸುವುದನ್ನು ಮರೆತುಬಿಟ್ಟಿತ್ತು. ದೂರದಿಂದ ನೋಡಿದವರು ಪಾಪ, ಲಕ್ವ ಹೊಡೆದಿದೆ ಎಂದುಕೊಳ್ಳುತ್ತಿದ್ದರು.

ಮಾತಿನಲ್ಲೂ ಹಾಗೆಯೇ ಒಂದು ಗಂಟು. ಲ್ಯಾಬಿನ ವರದಿಗಳಲ್ಲಿ, 'ನಮ್ಮ ಕೈಗೆ ಬಂದ ಮಾದರಿಯ ಮಟ್ಟಿಗೆ' ಎಂದು ಬರೆಯುವುದು ವಾಡಿಕೆ. ಅಂದರೆ, ಬಾವಿಯಲ್ಲಿ ಏನಿದೆಯೋ ದೇವರೇ ಬಲ್ಲ, ಸೀಸೆಯಲ್ಲಿದ್ದುದಕ್ಕೆ ಮಾತ್ರ ನಾವು ಹೊಣೆ. ಲಾಸನ್ನರು ಈ ವಾಕ್ಯವನ್ನು ಬಾಳಿಗೇ ಅನ್ವಯಿಸಿಬಿಟ್ಟಿದ್ದರು. ಹೆಂಡತಿ ಹೇಗಿದ್ದಾರೆಂದು ಕೇಳಿದರೆ, "ಕೈಗೆ ಬಂದ ಮಟ್ಟಿಗೆ ಚೆನ್ನಾಗಿದ್ದಾಳೆ." ಮಗಳ ಮದುವೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಅಳಿಯನ ಗುಣದ ಬಗ್ಗೆ ಮಾವನವರು ಒಂದು ಮಾತು ಹೇಳಬೇಕು," ಎಂದಾಗ ಇವರು ಟೋಪಿ ತೆಗೆದು, ಗಂಟಲು ಸರಿಮಾಡಿಕೊಂಡು, "ಹುಡುಗ ಒಳ್ಳೆಯವನು, ಕೈಗೆ ಬಂದ ಮಟ್ಟಿಗೆ," ಎಂದರಂತೆ. ಬೀಗರು ಊಟ ಬಿಟ್ಟು ಎದ್ದರು. ಅವರನ್ನು ಸಮಾಧಾನಪಡಿಸಿ ಮತ್ತೆ ಪಂಕ್ತಿಯಲ್ಲಿ ಕೂರಿಸುವಷ್ಟರಲ್ಲಿ ಮೀನಿನ ಸಾರು ಆರಿಹೋಗಿತ್ತು. ಅಳಿಯ ಇವತ್ತಿಗೂ ಒಳ್ಳೆಯವನಾಗಿಯೇ ಇದ್ದಾನೆ. ಮಾವನ ವರದಿ ಮಾತ್ರ ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ.

ಅವರ ಮೇಜಿನ ಹಿಂದಿನ ಕಪಾಟಿನಲ್ಲಿ ಸುತ್ತಮುತ್ತಲ ಎಲ್ಲ ತೈಲಕ್ಷೇತ್ರಗಳ ಸೀಸೆಗಳೂ ಸಾಲಾಗಿದ್ದವು. ನಮ್ಮ ಕಣ್ಣಿಗೆ ಎಲ್ಲವೂ ಕಪ್ಪೇ. ಅವರು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ತೋರಿಸಿದ ಮೇಲೆಯೇ ತಿಳಿಯುತ್ತಿತ್ತು, ಒಂದು ಚಹಾದ ಡಿಕಾಕ್ಷನ್ನಿನಂತೆ ಕೆಂಪಗೆ ಮಿನುಗುವುದು, ಇನ್ನೊಂದು ಹಸಿರು ಛಾಯೆಯದು, ಮತ್ತೊಂದು ಜೋನಿಬೆಲ್ಲದ ಹಾಗೆ ಸೀಸೆಯ ಗೋಡೆಗೆ ಅಂಟಿಕೊಂಡು ಕೆಳಗಿಳಿಯಲು ಸೋಮಾರಿತನ ಮಾಡುವುದು. "ಇವಳು ನೋಡು, ಮುಂಗೋಪಿ. ಮುಚ್ಚಳ ತೆಗೆದು ನೀನು ಸೀನುವಷ್ಟರಲ್ಲಿ ಅರ್ಧ ಹಾರಿಹೋಗಿರ್ತಾಳೆ. ಇವನು ಒಳನಾಡಿನವನು, ದಡ್ಡ, ಆದರೆ ನಂಬಿಕಸ್ಥ. ಇವಳಿಗೆ ಉಪ್ಪುನೀರಿನ ಸಹವಾಸ ಜಾಸ್ತಿ, ಕೊಳವೆ ತಿಂದು ಹಾಕ್ತಾಳೆ." ನೆಲದಡಿಯಲ್ಲಿ ಕೋಟ್ಯಂತರ ವರ್ಷ ಬೆಂದ ಆ ದ್ರವಗಳಲ್ಲಿ ಒಂದರ ಮೈಕಟ್ಟು ಇನ್ನೊಂದಕ್ಕಿಲ್ಲ, ಯಂತ್ರಕ್ಕೆ ಒಂದು ಹನಿ ಕೊಟ್ಟರೆ ಅದು ಏರಿಳಿತದ ಗೆರೆಯೊಂದನ್ನು ಎಳೆದು ಕೊಡುತ್ತದೆ, ಆ ಗೆರೆಯೇ ಆ ಎಣ್ಣೆಯ ಜಾತಕ. ಲಾಸನ್ನರು ಆ ಜಾತಕಗಳನ್ನು ಮದುವೆ ದಲ್ಲಾಳಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದರು.

ಇಷ್ಟು ಪ್ರೀತಿಯಿದ್ದವರು ಸೀಸೆಯ ವಿಷಯದಲ್ಲಿ ಮಾತ್ರ ಕಟುಕರು. ಕಂಪನಿಯ ದೊಡ್ಡ ಅಧಿಕಾರಿಯೊಬ್ಬ ಸ್ವತಃ ಹಿಡಿದು ತಂದ ಮಾದರಿ ಬಾಯಿಮಟ್ಟ ತುಂಬಿತ್ತೆಂದು ಅವನ ಎದುರೇ ಪಕ್ಕಕ್ಕಿಟ್ಟರು. ಒಮ್ಮೆ ಮಳೆಯಲ್ಲಿ ಎರಡು ಹಗಲು ದೋಣಿಯಲ್ಲಿ ನೆನೆದು ತಂದ ತಮ್ಮದೇ ಪೆಟ್ಟಿಗೆಯನ್ನು, ನಲ್ಲಿಯ ತಂಗಳೆಣ್ಣೆ ಹರಿಯಬಿಟ್ಟೆನೋ ಇಲ್ಲವೋ ನೆನಪಿಲ್ಲ ಎಂಬ ಒಂದೇ ಕಾರಣಕ್ಕೆ ಪೂರ್ತಿ ಚೆಲ್ಲಿ, ಮಾರನೆಯ ಬೆಳಿಗ್ಗೆ ಮತ್ತೆ ದೋಣಿ ಹತ್ತಿದರು. ಕೆಲಸ ಕಲಿಯಲು ಬಂದವರಿಗೆಲ್ಲ ಅವರ ಮೊದಲ ಪಾಠ: "ಕೊಳೆಯಾದ ಸೀಸೆಗೆ ಬಾಯಿಲ್ಲ. ಅದು ಏನು ಹೇಳಿದರೂ ಕೇಳಿಸ್ಕೋಬೇಡ." ಹಾಗೆ ಕಲಿತು ಹೋದವರಲ್ಲಿ ಎಟಿಮ್ ಎಂಬ ಕಲಬಾರ್ ಪಟ್ಟಣದ ಕಡೆಯ ಯುವಕನೂ ಒಬ್ಬ; ಚುರುಕು, ಮೃದುಮಾತು; ಮುಂದೆ ತೈಲ ಕಂಪನಿಯಲ್ಲಿ ಕೆಲಸ ಹಿಡಿದು ಒಳ್ಳೆಯ ಸ್ಥಾನಕ್ಕೇರಿದ.

ಇನ್ನು ಓಲಾಕಿರಿಯ ಸಂಗತಿ. ಉಪ್ಪುನೀರಿನ ಕೆಸರಲ್ಲೇ ಬೇರೂರಿ ಬೆಳೆಯುವ ಕಾಂಡ್ಲಾ ಕಾಡಿನ ನಡುವೆ, ಕವಲುಹೊಳೆಯ ದಡದಲ್ಲಿ ಒತ್ತಿಕೊಂಡು ಕೂತ ಊರದು. ಗಂಡಸರು ಮೀನಿಗೆ ಹೋಗುತ್ತಾರೆ; ಹೆಂಗಸರು ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು ಚಿಪ್ಪಿನ ಹುಳು ಆಯುತ್ತಾರೆ; ಆ ಹುಳು ಬೀಳದ ಸಾರನ್ನು ಇಲ್ಲಿ ಸಾರೆಂದು ಕರೆಯುವುದಿಲ್ಲ. ಹತ್ತಿರದ ಬಾವಿಗಳಿಗೆ ಹೋಗುವಾಗಲೆಲ್ಲ ಲಾಸನ್ನರು ಅಲ್ಲಿ ಇಳಿಯುತ್ತಿದ್ದರು, ಅವರ ತಾಯಿಯ ಕಡೆಯ ನಂಟು ಆ ಊರಿನಲ್ಲಿತ್ತು. ಹೆಂಗಸರಿಗೆಲ್ಲ ಹಿರಿಯಳಾದ ಮಾ ಇಬಿನಾಬೊ ಅವರಿಗೆ ದೊಡ್ಡಮ್ಮನಾಗಬೇಕು. ಕಾಯ್‌ಕಾಯ್ ಎಂಬ ತಾಳೆಯ ಸಾರಾಯಿಯನ್ನು ಮುಂದಿಟ್ಟರೆ ಇವರು ತಮ್ಮ ಪದ್ಧತಿಯಂತೆ ಲೋಟವನ್ನು ಆಡಿಸಿ ಅಂಗಳಕ್ಕೆ ಚೆಲ್ಲುತ್ತಿದ್ದರು. ಕುಡಿಯುವ ಮುನ್ನ ನೆಲಕ್ಕೊಂದು ಹನಿ ಎರೆದು ಗತಿಸಿದ ಹಿರಿಯರನ್ನು ನೆನೆಯುವುದು ಅಲ್ಲಿನವರ ಆಚಾರ. ಮೂರು ಮೂರು ಸಲ ಎರೆಯುವ ಇವರನ್ನು ಕಂಡು ಊರಿಗೆ ಊರೇ ಭಕ್ತಿಯಿಂದ ತಲೆದೂಗಿತು. "ಪಟ್ಟಣ ಸೇರಿದರೂ ಹಿರೀಕರನ್ನ ಮರೆತಿಲ್ಲ ನೋಡು!" ಲಾಸನ್ನರು, "ಅದು ಹಿರಿಯರಿಗಲ್ಲ, ಲೋಟಕ್ಕೆ," ಎಂದು ಬಾಯಿಬಿಟ್ಟೇ ಹೇಳಿದರು. ಯಾರೂ ನಂಬಲಿಲ್ಲ. ಇಂಥ ಮಾತನ್ನು ವಿನಯವೆಂದು ತಿಳಿಯುವುದೂ ಅಲ್ಲಿನವರ ಆಚಾರವೇ.

ಆ ಹೊಳೆಯ ತಳದಲ್ಲಿ ಕಂಪನಿಯ ಹಳೆಯ ಪೈಪೊಂದು ಹೂತಿತ್ತು. ಎಸೊಮಾ ಎಂಬ ಒಂದೇ ಕ್ಷೇತ್ರದ ಎಣ್ಣೆ ಅದರಲ್ಲಿ ಹರಿಯುತ್ತಿತ್ತು. ಎಣ್ಣೆ ಕಳ್ಳರ ದೋಣಿಗಳೂ ಅದೇ ಹೊಳೆಯಲ್ಲಿ ಓಡಾಡುತ್ತಿದ್ದವು. ಅವರು ಕದಿಯುವುದು ದೂರದ ದೊಡ್ಡ ಕೊಳವೆಯಿಂದ, ಹಲವು ಕ್ಷೇತ್ರಗಳ ಎಣ್ಣೆ ಕಲೆತ ಮಿಶ್ರಣವನ್ನು. ಹೊಳೆಯಲ್ಲಿ ಎಣ್ಣೆ ತೇಲಿದಾಗಲೆಲ್ಲ ಊರು ಪೈಪಿನತ್ತ ಬೆರಳು ತೋರಿಸುತ್ತಿತ್ತು, ಕಂಪನಿ ಕಳ್ಳರತ್ತ. ಪರೀಕ್ಷೆಯವರ ದೋಣಿ ಬರುವ ಹೊತ್ತಿಗೆ ಕಂಪನಿಯ ಗುತ್ತಿಗೆದಾರರು ಕೆಸರು ಕೆರೆದು, ಕಸಕ್ಕೆ ಬೆಂಕಿ ಹಾಕಿ, ಎಲ್ಲ ಬಳಿದುಕೊಂಡು ಹೋಗಿರುತ್ತಿದ್ದರು. ಇದನ್ನು ನೋಡಿ ನೋಡಿ ಬೇಸತ್ತ ಲಾಸನ್ನರು, ಲ್ಯಾಬಿನಲ್ಲಿ ಶುದ್ಧಮಾಡಿ ಮೊಹರು ಹಾಕಿದ ಗಾಜಿನ ಸೀಸೆಗಳ ಪೆಟ್ಟಿಗೆಯೊಂದನ್ನು ಮಾ ಇಬಿನಾಬೊಳ ಮನೆಯಲ್ಲಿ ಇರಿಸಿದರು. "ಎಣ್ಣೆ ಬಂದ ಬೆಳಿಗ್ಗೇನೇ ಒಂದು ಸೀಸೆ ತೆಗೀರಿ, ತುಂಬಿ, ಮುಚ್ಚಿ. ಅಷ್ಟೇ. ತೊಳೆಯೋದು ಬೇಡ, ಇದು ಬಾವಿಯ ಸೀಸೆಯಲ್ಲ, ಆಗಲೇ ತೊಳೆದಿದೆ." ಮಾ ಇಬಿನಾಬೊ, "ಆಯ್ತು ಮಗನೇ," ಎಂದಳು.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಎಣ್ಣೆ ಬಂತು. ಬೆಳಿಗ್ಗೆ ಎದ್ದ ಹೆಂಗಸರಿಗೆ ಕಂಡದ್ದು ಹೊಳೆಯಲ್ಲ, ಎಣ್ಣೆ ಸವರಿದ ಕಾವಲಿ. ಕಾಂಡ್ಲಾ ಬೇರುಗಳು ಸೊಂಟದವರೆಗೆ ಕಪ್ಪಾಗಿದ್ದವು. ಚಿಪ್ಪಿನ ಹುಳುಗಳು ಬೇರುಗಳಿಂದ ಉದುರಿ ಬಾಯ್ತೆರೆದು ಬಿದ್ದಿದ್ದವು. ಗುತ್ತಿಗೆದಾರರು ಬಂದರು, ಎಂದಿನಂತೆ ಕೆರೆದರು, ಸುಟ್ಟರು, ಹೋದರು. ಕಳ್ಳರ ದೋಣಿ ಮಗುಚಿದ್ದು ಎಂದು ಕಂಪನಿ ಹೇಳಿತು. ಈ ಸಲವೂ ಆ ಮಾತೇ ನಿಂತರೆ ಪೈಪನ್ನು ಯಾರೂ ಮುಟ್ಟುವುದಿಲ್ಲ, ಅದು ಸೋರುತ್ತಲೇ ಇರುತ್ತದೆ, ಊರು ಗಂಟುಮೂಟೆ ಕಟ್ಟಬೇಕಾಗುತ್ತದೆ. ಆದರೆ ಈ ಸಲ ಮಾ ಇಬಿನಾಬೊಳ ಮಡಿಲಲ್ಲಿ, ಸೀರೆಯಂತೆ ಸುತ್ತಿದ ಬಟ್ಟೆಯ ಮಡಿಕೆಯೊಳಗೆ, ಮೊದಲ ದಿನದ ಸೀಸೆಯಿತ್ತು.

ನಮ್ಮ ಲ್ಯಾಬಿನಲ್ಲೇ ಸಭೆ ಸೇರಿತು. ಊರಿನ ಕಡೆಯಿಂದ ಮಾ ಇಬಿನಾಬೊ ಮತ್ತು ಆಕೆಯ ಸಂಗಡದ ಹೆಂಗಸರು, ಕಂಪನಿಯ ಕಡೆಯಿಂದ ಎಟಿಮ್, ಸರ್ಕಾರದ ಕಡೆಯಿಂದ ಒಬ್ಬ ಇನ್‌ಸ್ಪೆಕ್ಟರು. ಲಾಸನ್ನರು ಮುಚ್ಚಳವನ್ನು ಪರೀಕ್ಷಿಸಿ, ವಾಡಿಕೆಯ ಪ್ರಶ್ನೆಗಳನ್ನು ಶುರುಮಾಡಿದರು.

"ತುಂಬಿದ್ದು ಯಾರು, ಮಾ?"

"ನಾನೇ. ಇದೇ ಕೈಯಿಂದ."

"ಮುಚ್ಚಳ ತೆಗೆದ ಮೇಲೆ ಏನು ಮಾಡಿದ್ರಿ?"

"ಏನು ಮಾಡ್ತೀನಿ? ತೊಳೆದೆ."

ಎಟಿಮ್ ತಲೆಯೆತ್ತಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೇಳಿದ: "ಯಾವುದರಿಂದ ತೊಳೆದ್ರಿ, ಅಮ್ಮ?"

ನಾನು ಮೇಜಿನಡಿಯಲ್ಲಿ ಲಾಸನ್ನರ ಕಾಲನ್ನು ತುಳಿದೆ. ಸಭೆ ಮುಂದೂಡಿ, ಮುದುಕಿಗೆ ಆಯಾಸವಾಗಿದೆ ಅನ್ನಿ, ಏನಾದರೂ ಮಾಡಿ ಎಂಬ ಅರ್ಥದಲ್ಲಿ. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಕಾಯ್‌ಕಾಯ್‌ನಿಂದ," ಎಂದಳು ಮಾ ಇಬಿನಾಬೊ, ಇಷ್ಟೂ ತಿಳಿಯದವನೇ ಎಂಬಂತೆ. "ಮತ್ತೆ ನೀರಿನಿಂದ ತೊಳೀಲಾ? ಅವತ್ತು ಹೊಳೇಲಿ ನೀರೆಲ್ಲಿತ್ತಪ್ಪ?"

"ತೊಳೀಬೇಡಿ ಅಂದಿದ್ದೆನಲ್ಲ, ಮಾ," ಎಂದರು ಲಾಸನ್ನರು. ದನಿ ಬಹಳ ಸಣ್ಣದಾಗಿತ್ತು.

"ಅಂದಿದ್ದೆ. ಮನೆಗೆ ಬಂದ ನೆಂಟ ಊಟ ಬೇಡ ಅಂತಾನೆ, ಹಾಗಂತ ಉಪವಾಸ ಕಳಿಸ್ತೀವೇನೋ? ನೀನು ತೊಳೀದೆ ಒಂದು ಲೋಟ ತುಂಬಿದ್ದನ್ನ ನನ್ನ ಕಣ್ಣಲ್ಲಿ ನೋಡಿಲ್ಲ. ಎರೆದೆ, ಆಡಿಸಿದೆ, ಚೆಲ್ಲಿದೆ. ಮೂರು ಸಲ, ನಿನ್ನ ಹಾಗೇನೇ. ಮನೇಲಿದ್ದದ್ರಲ್ಲಿ ಒಳ್ಳೇ ಸಾರಾಯಿ ಅದು, ಶ್ರಾದ್ಧಕ್ಕೆ ಅಂತ ಎತ್ತಿಟ್ಟಿದ್ದು, ಗೊತ್ತಾ?"

ಜೊತೆಗಿದ್ದ ಹೆಂಗಸರು ಹೌದು ಹೌದೆಂದು ತಲೆದೂಗಿದರು. ಅವರ ಮುಖದಲ್ಲಿದ್ದುದು ಹೆಮ್ಮೆ. ಆ ಹೆಮ್ಮೆಯನ್ನು ನೋಡಲಾಗದೆ ನಾನು ಕಿಟಕಿಯತ್ತ ತಿರುಗಿದೆ. ಲಾಸನ್ನರು ಟೋಪಿಯನ್ನು ತೆಗೆದು ಮೇಜಿನ ಮೇಲಿಟ್ಟು, ಕಡ್ಡಿ ಮುರಿದ ಹಾಗೆ ಹೇಳಿದರು: "ಈ ಸೀಸೆ ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿಲ್ಲ ಅಂದ್ರೆ?"

"ಕೊಳೆಯಾಗಿದೆ ಅಂತ, ಮಾ."

"ನನ್ನ ಕೈಯಾ?"

"ಕೈಯಲ್ಲ, ಮಾ. ಸೀಸೆ."

"ಸೀಸೆ ತೊಳೆದದ್ದು ನನ್ನ ಕೈ ತಾನೇ?" ಮುದುಕಿ ಎದ್ದು ನಿಂತಳು. "ಎಣ್ಣೆ ಬಿಟ್ಟವರು ಕೊಳೆಯಲ್ಲ, ಹೊಳೆ ಕೆಡಿಸಿದವರು ಕೊಳೆಯಲ್ಲ. ನಾನು ಕೊಳೆ! ನಿಮ್ಮಮ್ಮನ ಹೆರಿಗೆ ಮಾಡಿಸಿದ ಕೈ ಇದು, ಕಾರಿಬೊ. ಇಷ್ಟು ಜನರ ಮುಂದೆ ಹೇಳಿದೆಯಲ್ಲ!" ಎನ್ನುತ್ತ ಹೊರಟೇಹೋದಳು. ಉಳಿದವರೂ ಅವಳ ಹಿಂದೆ ಹೋದರು. ಒಬ್ಬಳು ಬಾಗಿಲಲ್ಲಿ ನಿಂತು ಲಾಸನ್ನರ ಕಡೆ ತಿರುಗಿ ನೆಲಕ್ಕೆ ಉಗುಳಿದಳು.

ಎಲ್ಲರೂ ಹೋದ ಮೇಲೆ ನಾನು ತಡೆದುಕೊಳ್ಳಲಾರದೆ ಬೈದೆ. "ಒಂದು ಮಾತು ನುಂಗಿಕೊಂಡಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು? ಸಭೆ ಮುಂದೂಡಿದ್ದರೆ ಸಾಕಾಗಿತ್ತಲ್ಲ?"

"ನಾನು ನುಂಗಿದ್ರೂ ಸಾರಾಯಿ ಸೀಸೇಲೇ ಇರ್ತಿತ್ತಲ್ಲಪ್ಪ," ಎಂದರು. ಅಷ್ಟು ಹೇಳಿ ಕುರ್ಚಿಯಲ್ಲಿ ಕುಸಿದರು. ಮೇಜಿನ ಮೇಲಿದ್ದ ಆ ಸೀಸೆಯನ್ನು ಬಲಗೈಯಿಂದ, ಎಂದಿನಂತೆ ಕುಲುಕದೆ, ಹತ್ತಿರಕ್ಕೆ ಎಳೆದುಕೊಂಡರು. ತಪ್ಪು ಎಲ್ಲಿಂದ ಶುರುವಾಯಿತೆಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುದುಕಿ ತೊಳೆದದ್ದು ಅವರನ್ನು ನೋಡಿ ಕಲಿತು.

ನಮ್ಮ ಮ್ಯಾನೇಜರ್ ಮೇಡಂ ವಿವೇಕಿ. ಲ್ಯಾಬಿನ ಮುಕ್ಕಾಲು ಕೆಲಸ ಬರುವುದು ಆ ಕಂಪನಿಯಿಂದಲೇ ಎಂಬುದನ್ನು ಅವರು ಎಂದೂ ಮರೆತವರಲ್ಲ. "ಲೆಕ್ಕಕ್ಕಿಲ್ಲ ಅಂತ ಬರೆದು ಮುಗಿಸಿಬಿಡಿ, ಲಾಸನ್. ನಿಮ್ಮ ನಿಯಮವೇ ಅಲ್ವಾ?" ಎಂದರು. ಇವರು ಬರೆದರು. ಮುಗಿಸಲಿಲ್ಲ. ಮರುದಿನ ನನ್ನನ್ನೂ ಹತ್ತಿಸಿಕೊಂಡು ಓಲಾಕಿರಿಗೆ ದೋಣಿ ಬಿಟ್ಟರು.

ಮಾ ಇಬಿನಾಬೊ ಅಂಗಳದಲ್ಲಿ ಬೆನ್ನು ಹಾಕಿ ಕೂತು ಬಲೆ ಹೊಲಿಯುತ್ತಿದ್ದಳು. ಕೂರು ಎನ್ನಲಿಲ್ಲ. ಲಾಸನ್ನರು ಬಿಸಿಲಲ್ಲೇ ನಿಂತು, "ಮಾ, ಅವತ್ತು ತೊಳೆದ ಸಾರಾಯಿ ಉಳಿದಿದ್ದರೆ ಬೇಕಿತ್ತು," ಎಂದರು.

"ಕುಡಿಯೋಕಾ? ಕುಡಿ, ಕುಡಿ. ಕುಡಿದಾದ್ರ ಮೇಲಾದ್ರೂ ನಾಚಿಕೆ ಬರುತ್ತೋ ಏನೋ."

"ಪೆಟ್ಟಿಗೇಲಿ ಉಳಿದ ಸೀಸೆಗಳೂ ಬೇಕು. ನೀವೂ ಬರಬೇಕು. ಅವತ್ತು ಹೇಗೆ ತೊಳೆದ್ರೋ ಹಾಗೇ ಇನ್ನೊಂದನ್ನ ತೊಳೀಬೇಕು, ಎಲ್ಲರ ಮುಂದೆ."

ಆಕೆ ಆಗ ತಿರುಗಿ ನೋಡಿದಳು. "ಇನ್ನೊಂದು ಸಲ ಮಾನ ಕಳೀಬೇಕಾ ನಂದು?"

"ನಾನೂ ಜೊತೆಗಿರ್ತೀನಿ, ಮಾ."

"ಅವತ್ತೂ ಇದ್ದೆಯಲ್ಲ," ಎಂದಳು ಮುದುಕಿ. ಆದರೂ ಬಂದಳು. ದೋಣಿಯಲ್ಲಿ ನಮ್ಮತ್ತ ಬೆನ್ನು ಹಾಕಿ, ಸಾರಾಯಿ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಪೋರ್ಟ್ ಹಾರ್ಕೋರ್ಟಿನವರೆಗೂ ಕೂತಿದ್ದಳು.

ಎರಡನೆಯ ಸಭೆಗೆ ಎಟಿಮ್‌ನನ್ನೂ ಇನ್‌ಸ್ಪೆಕ್ಟರನ್ನೂ ಕರೆಸಲು ಲಾಸನ್ನರು ಎಷ್ಟು ಬಾಗಿಲು ತಟ್ಟಿದರೋ ನಾನು ಕಾಣೆ. ಮೇಡಂ ಅವರ ಬಳಿ ನಡೆದ ಮಾತು ಮಾತ್ರ ಗೋಡೆಯಾಚೆ ಕೂತ ನನಗೂ ಕೇಳಿಸಿತು, ಅದನ್ನಿಲ್ಲಿ ಬರೆಯುವುದು ಶೋಭೆಯಲ್ಲ. ಎಲ್ಲರೂ ಸೇರಿದ ಮೇಲೆ ಮಾ ಇಬಿನಾಬೊ ಒಂದು ಸೀಸೆಯನ್ನು ಕಾಯ್‌ಕಾಯ್‌ನಿಂದ ತೊಳೆದಳು, ದೇವರ ಪಾತ್ರೆಯನ್ನು ತೊಳೆದಷ್ಟು ಗಂಭೀರವಾಗಿ. ಅದೇ ಪೆಟ್ಟಿಗೆಯ ಇನ್ನೊಂದನ್ನು ಯಾರೂ ತೊಳೆಯಲಿಲ್ಲ. ಲಾಸನ್ನರು ಎಟಿಮ್‌ನಿಗೆ ಕಪಾಟು ತೋರಿಸಿ, "ನಿನಗೆ ಇಷ್ಟವಾದ ಎಣ್ಣೆ ಆರಿಸ್ಕೋ. ಎರಡರಲ್ಲೂ ಅದನ್ನೇ ತುಂಬು. ಯಾವುದು ತೊಳೆದದ್ದು ಅಂತ ಅಡಿಯಲ್ಲಿ ಗುರುತು ಮಾಡಿ ಮುಚ್ಚಿಡು, ನನಗೂ ತೋರಿಸ್ಬೇಡ," ಎಂದರು. ಇನ್‌ಸ್ಪೆಕ್ಟರು ಎರಡನ್ನೂ ಅದಲುಬದಲು ಮಾಡಿ ಕೊಟ್ಟ; ಯಂತ್ರ ಎರಡು ಗೆರೆಗಳನ್ನು ಎಳೆದುಕೊಟ್ಟಿತು. ಒಂದರ ಮೇಲೊಂದನ್ನಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ, ಎಣ್ಣೆಯ ಜಾತಕದ ಭಾಗದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ.

"ಈ ಭಾಗ ಮಾತ್ರ ನೋಡಿ, ಯಾವುದು ಸಾರಾಯಿದು, ಹೇಳು," ಎಂದರು ಲಾಸನ್ನರು.

ಎಟಿಮ್ ಬಹಳ ಹೊತ್ತು ನೋಡಿದ. "ಗೊತ್ತಾಗ್ತಿಲ್ಲ, ಓಗಾ." ಹಿರಿಯರನ್ನು ಇಲ್ಲಿ ಕರೆಯುವುದು ಹಾಗೆ, ಕಂಪನಿ ಸೇರಿದ ಮೇಲೆ ಅವನು ಲಾಸನ್ನರನ್ನು ಹಾಗೆ ಕರೆದದ್ದು ಅದೇ ಮೊದಲು.

ಆಮೇಲೆ ಓಲಾಕಿರಿಯ ಸೀಸೆಯನ್ನು ತೆರೆದರು. ಎಟಿಮ್ ಕೈ ಅಡ್ಡ ಹಿಡಿದ. "ಓಗಾ, ಕೊಳೆಯಾದ ಸೀಸೆಗೆ ಬಾಯಿಲ್ಲ ಅಂತ ಹೇಳಿಕೊಟ್ಟವರು ನೀವೇ."

"ಹೇಳಿಕೊಟ್ಟೆ. ಕೊಳೆ ಎಷ್ಟು, ಯಾವುದು ಅಂತ ಅಳೆಯೋದನ್ನೂ ಹೇಳಿಕೊಟ್ಟಿದ್ದೆ. ಅದನ್ನ ಯಾಕಪ್ಪ ಮರೆತೆ?"

ಎಟಿಮ್ ಕೈ ತೆಗೆದ. ಅವನನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಅನ್ನ ಕೊಟ್ಟವರ ಪರ ಮಾತಾಡುವುದು ಅವನ ಕೆಲಸವಾಗಿತ್ತು, ಕೈ ತೆಗೆದದ್ದು ಅವನ ಗುಣ. ಯಂತ್ರ ಮೂರನೆಯ ಗೆರೆಯನ್ನು ಎಳೆಯಿತು. ಲಾಸನ್ನರು ಕಪಾಟಿನ ಎಸೊಮಾ ಸೀಸೆಯ ಗೆರೆಯನ್ನು ತಂದು ಅದರ ಪಕ್ಕದಲ್ಲಿಟ್ಟರು. ಅವಳಿಜವಳಿ. ಕಳ್ಳರ ಮಿಶ್ರಣದ ಗೆರೆಗೂ ಅದಕ್ಕೂ ಅಜಗಜಾಂತರ.

ಇನ್‌ಸ್ಪೆಕ್ಟರು ಕನ್ನಡಕ ಒರೆಸಿಕೊಂಡ. "ನೀವೇ ಇದನ್ನ ಲೆಕ್ಕಕ್ಕಿಲ್ಲ ಅಂತ ಬರೆದಿದ್ದೀರಲ್ಲ?"

"ಬರೆದಿದ್ದೀನಿ. ಅಳಿಸೋದಿಲ್ಲ. ಈ ಸೀಸೆ ನಂಬಿ ಯಾರಿಗೂ ದಂಡ ಹಾಕ್ಬೇಡಿ, ಪರಿಹಾರಾನೂ ಬರೀಬೇಡಿ. ಆದರೆ ಇದನ್ನ ನೋಡಿದ ಮೇಲೂ ಆ ಪೈಪನ್ನ ಅಗೆದು ನೋಡದೇ ಹೋದ್ರೆ, ಆಗ ತಪ್ಪು ಸೀಸೇದಲ್ಲ."

ಇನ್‌ಸ್ಪೆಕ್ಟರು ಅಗೆಸಿದ. ಆಮೇಲೊಮ್ಮೆ ಬೋಲೆ ಅಂಗಡಿಯಲ್ಲಿ, ಸುಟ್ಟ ಬಾಳೆಕಾಯಿಯನ್ನೂ ಮೀನನ್ನೂ ಬೆರಳಲ್ಲಿ ಮುರಿಯುತ್ತ, ಅವನೇ ನನಗೆ ಹೇಳಿದ: "ದಿನಾ ಹತ್ತು ಜನ ತಮ್ಮ ಸೀಸೇನೇ ಸತ್ಯ ಅಂತ ನನ್ನ ತಲೆ ತಿಂತಾರೆ. ದೊಡ್ಡಮ್ಮ ತಂದ ಸೀಸೇನ ಅವಳ ಮುಖದ ಮೇಲೇ ತಳ್ಳಿದ ಮನುಷ್ಯ ಅಗೀರಿ ಅಂದ್ರೆ, ಅಗೀದೆ ಏನು ಮಾಡ್ಲಿ?" ಇಳಿತದ ಹೊತ್ತಿನಲ್ಲಿ ಪೈಪನ್ನು ಬಿಚ್ಚಿ ನೋಡಿದರೆ ಅಡಿಭಾಗವೆಲ್ಲ ತುಕ್ಕು ತಿಂದು, ಹೆಬ್ಬೆರಳು ತೂರುವಂಥ ತೂತು. ಎಸೊಮಾದ ಎಣ್ಣೆ ನಿಂತಿತು. ಹಳೆಯ ಪೈಪು ಎದ್ದಿತು. ಕಂಪನಿ ನಮ್ಮ ಲ್ಯಾಬಿಗೆ ಕೊಡುತ್ತಿದ್ದ ಕೆಲಸವೂ ತೆಳ್ಳಗಾಯಿತು, ಲಾಸನ್ನರಿಗೆ ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಬಹಳ ಗೌರವದಿಂದ ಹೇಳಲಾಯಿತು. ಅವರು ಕೋಟನ್ನು ಮಡಿಸಿ ಮೇಜಿನ ಮೇಲಿಟ್ಟು, ಕಪಾಟಿನ ಸೀಸೆಗಳ ಧೂಳೊರೆಸಿ ಹೋದರು.

ಪೈಪು ಎದ್ದ ಸಂತೋಷಕ್ಕೆ ಓಲಾಕಿರಿಯಲ್ಲಿ ಡೋಲು ಬಡಿದು ಊಟ ಹಾಕಿದರು. ನಮ್ಮನ್ನೂ ಕರೆದಿದ್ದರು. ಊರವರೆಲ್ಲ ಸುತ್ತುಗಟ್ಟಿ ನಿಂತಾಗ ಮಾ ಇಬಿನಾಬೊ ಲಾಸನ್ನರ ಎದುರು ಬಂದು ನಿಂತಳು.

"ಈಗ ಹೇಳು, ಕಾರಿಬೊ. ಇಷ್ಟು ಜನರ ಮುಂದೆ ಅವತ್ತು ಹೇಳಿದ ಹಾಗೆ, ಇಷ್ಟು ಜನರ ಮುಂದೆ ಇವತ್ತು ಹೇಳು. ನನ್ನ ಸೀಸೆ ಚೊಕ್ಕವಾಗಿತ್ತು ಅಂತ."

ಡೋಲು ನಿಂತಿತು. ಒಂದೇ ಒಂದು ಮಾತು. ಅದನ್ನು ಹೇಳಿದ್ದರೆ ಯಾರ ಹೊಳೆಯೂ ಕೆಡುತ್ತಿರಲಿಲ್ಲ, ಯಾವ ವರದಿಯೂ ಬದಲಾಗುತ್ತಿರಲಿಲ್ಲ. ಎಂಬತ್ತು ದಾಟಿದ ಮುದುಕಿಯೊಬ್ಬಳ ಎದೆ ತಣ್ಣಗಾಗುತ್ತಿತ್ತು. ಹೇಳಯ್ಯಾ ಮಹಾರಾಯ, ಹೇಳಿಬಿಡು ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಲಾಸನ್ನರ ಕಣ್ಣು ತುಂಬಿತ್ತು. ಟೋಪಿಯನ್ನು ಎದೆಗೊತ್ತಿ ಹಿಡಿದು, ದೊಡ್ಡಮ್ಮನ ಕಾಲಿನತ್ತ ಬಗ್ಗಿ, "ಎಣ್ಣೆ ಸತ್ಯವಾಗಿತ್ತು, ಮಾ. ನಿಮ್ಮ ಕೈಯೂ ಸತ್ಯವಾಗಿತ್ತು. ಸೀಸೆ ಮಾತ್ರ ಕೊಳೆಯಾಗಿತ್ತು," ಎಂದರು.

ಮುದುಕಿ ಅವರನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, "ಹೋಗು. ಇನ್ನು ನನ್ನ ಹತ್ರ ಮಾತಾಡ್ಬೇಡ," ಎಂದು ಒಳಗೆ ಹೋದಳು. ಆ ದಿನ ನಾವು ಊಟವನ್ನು ಅರ್ಧಕ್ಕೇ ಬಿಟ್ಟು ದೋಣಿ ಹತ್ತಿದೆವು.

ಆಡಿದ ಮಾತನ್ನು ಆಕೆ ಉಳಿಸಿಕೊಂಡಳು. ಆಮೇಲೆ ಒಂದು ವರ್ಷ ಕಳೆದು, ಪಕ್ಕದ ಊರಿನ ಹೊಳೆಯಲ್ಲಿ ಎಣ್ಣೆ ಕಾಣಿಸಿಕೊಂಡಿತು. ಅಲ್ಲಿನ ಹೆಂಗಸರು ಯಾರನ್ನು ಕರೆಸುವುದೆಂದು ಕೇಳಲು ಮಾ ಇಬಿನಾಬೊಳ ಬಳಿ ಓಡಿಬಂದರಂತೆ. ಆಕೆ ತನ್ನ ಸ್ವಂತ ದೋಣಿಯನ್ನೇ ಪೋರ್ಟ್ ಹಾರ್ಕೋರ್ಟಿಗೆ ಕಳಿಸಿದಳು, ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ಲಾಸನ್ನರ ಬಾಗಿಲಿಗೆ. ದೋಣಿಯವನ ಕೈಲಿ ಹೇಳಿ ಕಳಿಸಿದ ಮಾತು ಇಷ್ಟೇ: "ಅವನ ಮುಖ ನಾನು ನೋಡಲ್ಲ. ಆದರೆ ಬೇರೆ ಯಾರೂ ಬೇಡ, ಅವನೇ ಬರಬೇಕು."

ಲೋಕದಲ್ಲಿ ಇಂಥ ಜನ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರನ್ನು ಪ್ರೀತಿಸುವುದು ಬಹಳ ಕಷ್ಟ; ನಮ್ಮ ಕಣ್ಣೀರು ಒರೆಸಲಿಕ್ಕಾದರೂ ಒಂದು ಸಣ್ಣ ಸುಳ್ಳು ಅವರ ಬಾಯಿಂದ ಹೊರಡುವುದಿಲ್ಲ, ತಾವೇ ಅಳುತ್ತ ನಿಂತಾಗಲೂ ಹೊರಡುವುದಿಲ್ಲ. ನಮ್ಮ ಪರವಾಗಿ ಸುಳ್ಳು ಹೇಳಬಲ್ಲವರನ್ನು ನಾವು ನಮ್ಮವರೆಂದುಕೊಂಡು ಹತ್ತಿರ ಕೂರಿಸಿಕೊಳ್ಳುತ್ತೇವೆ, ಇವರನ್ನು ದೂರ ಇಡುತ್ತೇವೆ. ಮನೆಯಲ್ಲಿ ಇಂಥವರೊಬ್ಬರಿದ್ದರೆ ಹಬ್ಬದ ಊಟ ಕೆಡುವುದು ನಿಜ. ಆದರೆ ಊರಿನಲ್ಲಿ ಒಬ್ಬರೂ ಇಲ್ಲದೆ ಹೋದರೆ ಹೊಳೆಯೇ ಕೆಡುತ್ತದೆ.